ಅಪ್ಪನ ಕತ್ತಿಗೆ ಒಂದು ಕಲ್ಲು

ಶನಿವಾರ ಸಂಜೆ ನಮ್ಮ ಮನೆಯ ಹಿಂದಿನ ಜಗಲಿಯಿಂದ ಒಂದು ಸದ್ದು ಕೇಳಿಬರುತ್ತಿತ್ತು. ಕಂಬದ ಮೊಳೆಗೆ ಸಿಕ್ಕಿಸಿದ ಚರ್ಮದ ಪಟ್ಟಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಅಪ್ಪ ಅದರ ಮೇಲೆ ಕ್ಷೌರದ ಕತ್ತಿಯನ್ನು ಎಳೆಯುವ ಸದ್ದು. ಅದನ್ನು ಕೇಳಿದ ಕೂಡಲೇ ಮಕ್ಕಳು ಮರುದಿನದ ಪೂಜೆಗೆ ಬಟ್ಟೆ ತೆಗೆದಿಡುತ್ತಿದ್ದರು. ಆದಿತ್ಯವಾರ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆ ಕತ್ತಿ ಅಪ್ಪನದಲ್ಲ, ಅಜ್ಜನದು. ಮುಂಬಯಿಯ ಹೋಟೆಲೊಂದರ ಅಡಿಗೆಮನೆಯಲ್ಲಿ ದುಡಿದು ಕಾಸರಗೋಡಿಗೆ ಮರಳುವಾಗ ಅಜ್ಜ ತಂದ ಸಾಮಾನುಗಳಲ್ಲಿ ಈಗ ಉಳಿದಿರುವುದು ಎರಡೇ: ಒಂದು ಕಬ್ಬಿಣದ ಟ್ರಂಕು, ಇನ್ನೊಂದು ಈ ಕತ್ತಿ. ಕಪ್ಪು ಹಿಡಿಯೊಳಗೆ ಮಡಚಿಕೊಳ್ಳುವ ಅಲಗು. ಅಲಗಿನ ಬುಡದಲ್ಲಿ ಸವೆದ ಇಂಗ್ಲಿಷ್ ಅಕ್ಷರಗಳಲ್ಲಿ 'ಸೋಲಿಂಗನ್' ಎಂದಿದೆ. ಅದು ಕಂಪೆನಿಯ ಹೆಸರೆಂದೇ ನಾವು ಬಹಳ ವರ್ಷ ತಿಳಿದಿದ್ದೆವು. ಇಬ್ಬರೂ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು, ಆದರೂ ಭೂಪಟ ತೆರೆದು ನೋಡುವ ಬುದ್ಧಿ ಬರಲಿಲ್ಲ.

2021ರಲ್ಲಿ ಅಪ್ಪನಿಗೆ ಪಕ್ಷವಾತವಾಯಿತು. ಮಾತು ಉಳಿಯಿತು, ಬಲಗೈ ಉಳಿಯಲಿಲ್ಲ. ಅಂದಿನಿಂದ ಅವರ ಗಡ್ಡ ತೆಗೆಯುವ ಕೆಲಸ ನಮಗೆ ಬಂತು. ಅಂಗಡಿಯಲ್ಲಿ ಸಿಗುವ ಎರಡು ಬ್ಲೇಡಿನ, ಮೂರು ಬ್ಲೇಡಿನ ರೇಜರುಗಳನ್ನೆಲ್ಲ ತಂದು ನೋಡಿದೆವು. ಅಪ್ಪನ ಗಡ್ಡ ದಪ್ಪ, ಕೆನ್ನೆಯ ಚರ್ಮ ಸಡಿಲ. ಎರಡೇ ದಿನಕ್ಕೆ ಕೆಂಪು ಗುಳ್ಳೆ ಏಳುತ್ತಿತ್ತು. "ಇದು ತೆಗೆಯುವುದಲ್ಲ ಮಗಾ, ಕೀಳುವುದು" ಎನ್ನುತ್ತಿದ್ದರು. ಕೊನೆಗೆ ಒಂದು ದಿನ, "ನನ್ನ ಕತ್ತಿ ಎಲ್ಲಿ ಉಂಟು?" ಎಂದು ಕೇಳಿದರು.

ಕತ್ತಿ ಕಪಾಟಿನಲ್ಲಿತ್ತು, ಆದರೆ ಮೊಂಡಾಗಿತ್ತು. ಎರಡು ಮಳೆಗಾಲದ ತೇವದಲ್ಲಿ ಬಾಯಿಯ ಮೇಲೆ ತುಕ್ಕಿನ ಚುಕ್ಕಿಗಳೂ ಬಿದ್ದಿದ್ದವು. ಪೇಟೆಯ ಕ್ಷೌರದಂಗಡಿಗೆ ಒಯ್ದೆವು. ಈಗ ಎಲ್ಲರೂ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಯನ್ನೇ ಬಳಸುವವರು. ರೋಗ ಹರಡಬಾರದೆಂದು ಒಬ್ಬೊಬ್ಬರಿಗೆ ಹೊಸ ಬ್ಲೇಡು ಹಾಕುವ ಪದ್ಧತಿ ಬಂದ ಮೇಲೆ ಮಸೆಯುವ ಕಲ್ಲಿಗೆ ಕೆಲಸವೇ ಇಲ್ಲ. ಅದು ಒಳ್ಳೆಯ ಪದ್ಧತಿಯೇ, ನಾವು ಆಕ್ಷೇಪಿಸುವುದಿಲ್ಲ. ಅಂಗಡಿಯ ಹಿರಿಯರು ಕತ್ತಿಯನ್ನು ಪ್ರೀತಿಯಿಂದ ತಿರುಗಿಸಿ ನೋಡಿ, "ನಮ್ಮ ತಂದೆಯ ಕಲ್ಲು ಇತ್ತು, ಮನೆ ಕಟ್ಟುವಾಗ ಎಲ್ಲಿ ಹೋಯಿತೋ ಗೊತ್ತಿಲ್ಲ" ಎಂದು ಹಿಂದೆ ಕೊಟ್ಟರು.

ಆಗ ನಾವು ಒಂದು ತಪ್ಪು ಮಾಡಿದೆವು. ಸೈಕಲಿಗೆ ಸಾಣೆಯ ಚಕ್ರ ಕಟ್ಟಿಕೊಂಡು ಮನೆ ಮನೆಗೆ ಬರುವವರೊಬ್ಬರನ್ನು ಕರೆದು ಕತ್ತಿ ಕೊಟ್ಟೆವು. ಅವರು ಪ್ರಾಮಾಣಿಕರು. "ಇದು ನನ್ನ ಕೆಲಸ ಅಲ್ಲ ಟೀಚರೇ, ನಾನು ಅಡಿಗೆ ಕತ್ತಿಯವ" ಎಂದರು. ನಾವೇ ಒತ್ತಾಯ ಮಾಡಿದೆವು. ಚಕ್ರ ತಿರುಗಿತು, ಕಿಡಿ ಹಾರಿತು, ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. ಅಲಗಿನ ಹಿಂತುದಿಯಲ್ಲಿ, ಹಿಡಿಯ ಹತ್ತಿರ, ಬಾಯಿಯ ಮೇಲೆ ಜೋಳದ ಕಾಳಿನಷ್ಟು ಅಗಲಕ್ಕೆ ನೀಲಿ ಬಣ್ಣ ಬಂದಿತ್ತು.

ಅಪ್ಪ ಎಡಗೈಯಲ್ಲಿ ಕತ್ತಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡಿದರು. ಬೈಯಲಿಲ್ಲ. "ಬೆನ್ನು ನೋಡಿದ್ದೀರಾ?" ಎಂದು ಮಾತ್ರ ಕೇಳಿ, ಕತ್ತಿಯನ್ನು ಮಡಚಿ ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡರು. ಏನು ಕೇಳಿದರೆಂದು ನಮಗೆ ಅರ್ಥವಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಅನಂತರದ ಮೂರು ತಿಂಗಳಲ್ಲಿ ನಾವು ಕೊಂಡ ವಸ್ತುಗಳನ್ನು ಹೇಳಿದರೆ ಓದುಗರು ನಗುತ್ತಾರೆ. ಎರಡು ಚಕ್ರಗಳ ನಡುವೆ ಚಾಕು ಎಳೆಯುವ ಪ್ಲಾಸ್ಟಿಕ್ ಡಬ್ಬಿ. ಹಾರ್ಡ್‌ವೇರ್ ಅಂಗಡಿಯ ಒರಟು ಕಪ್ಪು ಕಲ್ಲು. ಕೋನ ತಪ್ಪದಂತೆ ಅಲಗಿಗೆ ಸಿಕ್ಕಿಸುವ ಒಂದು ಕ್ಲಿಪ್ಪು. ಹಸಿರು ಮೇಣದ ಒಂದು ಗಟ್ಟಿ. ಒಂದೊಂದೂ ಬಂದಾಗ ಇದೇ ಸರಿಯಾದದ್ದು ಎಂದುಕೊಂಡೆವು. ಕತ್ತಿ ಮಾತ್ರ ದಿನದಿಂದ ದಿನಕ್ಕೆ ಅಡಿಗೆಮನೆಯ ಈಳಿಗೆಮಣೆಗೆ ಹತ್ತಿರವಾಗುತ್ತಾ ಹೋಯಿತು.

2023ರ ಜುಲೈ ತಿಂಗಳಲ್ಲಿ, ಜರ್ಮನಿಯ ಕಲೋನ್ ನಗರದಲ್ಲಿ ನರ್ಸ್ ಆಗಿರುವ ಮಗಳ ಮನೆಗೆ ಹೋಗುವ ಅವಕಾಶ ಬಂತು. ಅಪ್ಪನನ್ನು ನೋಡಿಕೊಳ್ಳಲು ತಂಗಿ ಬಂದಳು. ಹೊರಡುವ ಮುಂಚೆ ಭೂಪಟ ತೆರೆದು ನೋಡಿದರೆ ಕಲೋನಿನಿಂದ ಸೋಲಿಂಗನ್ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ! ಕತ್ತಿಯನ್ನು ಹಳೆಯ ಲುಂಗಿಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯೊಳಗೆ ಹಾಕಿದೆವು. ಕೈಚೀಲದಲ್ಲಿ ಇಂಥದ್ದನ್ನು ವಿಮಾನದೊಳಗೆ ಬಿಡುವುದಿಲ್ಲ.

ಕಲೋನಿನ ಮಹಾದೇವಾಲಯ ನೋಡಿದೆವು, ಮೂವರು ಜ್ಞಾನಿಗಳ ಅವಶೇಷದ ಪೆಟ್ಟಿಗೆಯ ಮುಂದೆ ಮೊಣಕಾಲೂರಿದೆವು. ಅದರ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ, ನಾವು ಕತ್ತಿಯ ವಿಷಯಕ್ಕೇ ಬರುತ್ತೇವೆ.

ಸೋಲಿಂಗನ್ ಒಂದು ಗುಡ್ಡಗಾಡಿನ ಪಟ್ಟಣ. ವುಪ್ಪರ್ ನದಿ ಅದನ್ನು ಬಳಸಿ ಹರಿಯುತ್ತದೆ. ಊರೊಳಗೆ ಓಡಾಡುವುದು ವಿದ್ಯುತ್ ತಂತಿಯ ಟ್ರಾಲಿಬಸ್ಸುಗಳು, 1952ರಿಂದ ಇವೆ. ಆ ಬಸ್ಸಿನಲ್ಲಿ ಗ್ರೇಫ್ರಾತ್ ಎಂಬ ಹಳೆಯ ಭಾಗಕ್ಕೆ ಹೋದೆವು. ಕಪ್ಪು ಕಲ್ಲುಹಲಗೆ ಹೊದಿಸಿದ ಮನೆಗಳು, ಹಸಿರು ಕಿಟಕಿ ಬಾಗಿಲುಗಳು, ಮೆಟ್ಟಿಲು ಹತ್ತಿದರೆ ಮೇಲೆ ದೇವಾಲಯ. ದೇವಾಲಯದ ಪಕ್ಕದ ಹಳೆಯ ಕನ್ಯಾಮಠವೇ ಈಗ ಜರ್ಮನಿಯ ಅಲಗುಗಳ ವಸ್ತುಸಂಗ್ರಹಾಲಯ. ಹನ್ನೆರಡನೆಯ ಶತಮಾನದಲ್ಲಿ ಸ್ಥಾಪನೆಯಾದ ಆ ಮಠ 1803ರಲ್ಲಿ ಮುಚ್ಚಿತು, 1991ರಲ್ಲಿ ಕತ್ತಿ, ಚಾಕು, ಚಮಚಗಳು ಅಲ್ಲಿಗೆ ಬಂದವು. ಸಿಸ್ಟರುಗಳು ಮೌನವಾಗಿ ನಡೆದಾಡಿದ ಕೋಣೆಗಳಲ್ಲಿ ಈಗ ಗಾಜಿನ ಪೆಟ್ಟಿಗೆಯೊಳಗೆ ಯುದ್ಧದ ಕತ್ತಿಗಳು ಮಲಗಿವೆ. ಮೊದಲು ಸ್ವಲ್ಪ ಕಸಿವಿಸಿಯಾಯಿತು. ಊಟದ ಮೇಜಿನ ಚಾಕುಗಳ, ಗಡ್ಡದ ಕತ್ತಿಗಳ ಕೋಣೆಗೆ ಬಂದ ಮೇಲೆ ಮನಸ್ಸು ಹಗುರವಾಯಿತು.

'ಸೋಲಿಂಗನ್' ಎಂಬುದು ಒಂದು ಕಂಪೆನಿಯ ಸ್ವತ್ತಲ್ಲ, ಊರಿನ ಸ್ವತ್ತು ಎಂದು ಅಲ್ಲಿ ತಿಳಿಯಿತು. 1938ರಲ್ಲಿ ಬಂದ ಕಾನೂನಿನಂತೆ ಆ ಪ್ರದೇಶದಲ್ಲಿ ತಯಾರಾದ ಅಲಗುಗಳ ಮೇಲೆ ಮಾತ್ರ ಆ ಹೆಸರು ಹಾಕಬಹುದು. ಅಜ್ಜನ ಕತ್ತಿಯಲ್ಲಿ ಊರಿನ ಹೆಸರು ಉಳಿದಿತ್ತು, ಮಾಡಿದವರ ಹೆಸರು ಸವೆದು ಹೋಗಿತ್ತು.

ಮರುದಿನ ವುಪ್ಪರ್ ನದಿಯ ದಂಡೆಯ ವಿಪ್ಪರ್‌ಕೊಟ್ಟನ್‌ಗೆ ಹೋದೆವು. 'ಕೊಟ್ಟನ್' ಎಂದರೆ ನೀರಿನ ಚಕ್ರದಿಂದ ನಡೆಯುವ ಸಾಣೆಮನೆ. ಹದಿನೇಳನೆಯ ಶತಮಾನದಿಂದ ಇರುವ ಕಟ್ಟಡ. ಹಿಂದೆ ಈ ನದಿ, ತೊರೆಗಳ ಉದ್ದಕ್ಕೂ ಇಂಥ ಸಾಣೆಮನೆಗಳು ಸಾಲಾಗಿ ಇದ್ದವಂತೆ. ಕಮ್ಮಾರ ಒಂದು ಕಡೆ, ಸಾಣೆಯವ ಇನ್ನೊಂದು ಕಡೆ, ಹಿಡಿ ಹಾಕುವವ ಮತ್ತೊಂದು ಕಡೆ. ಒಂದು ಕತ್ತಿ ಹಲವರ ಕೈ ದಾಟಿ ಬರುತ್ತಿತ್ತು. ಸಾಣೆಯವರ ಬದುಕು ಸುಖದ್ದಲ್ಲ. ಮರಳುಗಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ನಡುವಯಸ್ಸಿಗೂ ಮೊದಲೇ ಸತ್ತವರು ಬಹಳ. ಅಲ್ಲಿನ ತಣ್ಣಗಿನ ಕತ್ತಲೆ ಕೋಣೆಯಲ್ಲಿ ನಿಂತಾಗ ನಮ್ಮ ಬೀಡಿ ಕಟ್ಟುವ ಹೆಂಗಸರ ಕೆಮ್ಮು ನೆನಪಾಯಿತು.

ಅಲ್ಲಿ ಸಾಣೆಯ ಕೆಲಸ ತೋರಿಸುತ್ತಿದ್ದ ಹಿರಿಯರೊಬ್ಬರ ಮುಂದೆ ಮಗಳು ಲುಂಗಿ ಬಿಚ್ಚಿ ಕತ್ತಿ ಇಟ್ಟಳು. ಅವರು ಕನ್ನಡಕ ಏರಿಸಿಕೊಂಡು ಮೊದಲು ನೋಡಿದ್ದು ಬಾಯಿಯನ್ನಲ್ಲ, ಬೆನ್ನನ್ನು! ಬೆನ್ನಿನ ಮೇಲೆ ಹೆಬ್ಬೆರಳು ಎಳೆದು, "ಬೆನ್ನು ಚೆನ್ನಾಗಿದೆ, ಹಾಗಾದರೆ ಕತ್ತಿ ಸತ್ತಿಲ್ಲ" ಎಂದರಂತೆ. ನಮಗೆ ಒಮ್ಮೆಲೇ ಅಪ್ಪನ ಮಾತು ಕೇಳಿಸಿದ ಹಾಗಾಯಿತು.

ಕ್ಷೌರದ ಕತ್ತಿಯ ಗುಟ್ಟು ಇರುವುದು ದಪ್ಪ ಬೆನ್ನಿನಲ್ಲಿ. ಬೆನ್ನಿನ ನಂತರ ಎರಡೂ ಬದಿಯನ್ನು ಒಳಕ್ಕೆ ಕೊರೆದು ಕಾಗದದಷ್ಟು ತೆಳು ಮಾಡಿರುತ್ತಾರೆ. ಕತ್ತಿಯನ್ನು ಚಪ್ಪಟೆ ಕಲ್ಲಿನ ಮೇಲೆ ಮಲಗಿಸಿದರೆ ಅದು ಎರಡೇ ಕಡೆ ತಾಗುತ್ತದೆ, ಬೆನ್ನು ಮತ್ತು ಬಾಯಿ. ಮಸೆಯುವ ಕೋನವನ್ನು ಬೆನ್ನೇ ನಿರ್ಧರಿಸುತ್ತದೆ. ನಮ್ಮ ಕತ್ತಿಯ ಅಗಲ 16 ಮಿಲಿಮೀಟರ್, ಬೆನ್ನಿನ ದಪ್ಪ ನಾಲ್ಕೂವರೆ. ಲೆಕ್ಕ ಹಾಕಿದರೆ ಬಾಯಿಯ ಕೋನ ಸುಮಾರು 16 ಡಿಗ್ರಿ ಬರುತ್ತದೆ. ಅಡಿಗೆಮನೆಯ ಚಾಕುವಿಗೆ ಇದರ ಎರಡು ಪಟ್ಟು ಇರುತ್ತದೆ. ಹಾಗಾಗಿ ಕೋನ ಹಿಡಿಯುವ ಕ್ಲಿಪ್ಪು ಇದಕ್ಕೆ ಬೇಡವೇ ಬೇಡ. ಚಾಕು ಎಳೆಯುವ ಡಬ್ಬಿ ಚಾಕುವಿನ ಕೋನವನ್ನೇ ಇದಕ್ಕೂ ಕೊಟ್ಟು ಬಾಯಿಯನ್ನು ಹರಿದುಬಿಡುತ್ತದೆ. ತಿರುಗುವ ಚಕ್ರವಂತೂ ಇದರ ಶತ್ರು. ಬಾಯಿ ಅಷ್ಟು ತೆಳುವಾದ್ದರಿಂದ ಕ್ಷಣದಲ್ಲಿ ಕಾಯುತ್ತದೆ. ಉಕ್ಕು 300 ಡಿಗ್ರಿಯ ಹತ್ತಿರ ಬಂದಾಗ ನೀಲಿಯಾಗುತ್ತದೆ, ಅಷ್ಟರಲ್ಲಿ ಅದರ ಗಡಸುತನ ಇಳಿದಿರುತ್ತದೆ. ನೀಲಿಯಾದ ಭಾಗ ಎಷ್ಟು ಮಸೆದರೂ ಹರಿತ ನಿಲ್ಲಿಸಿಕೊಳ್ಳುವುದಿಲ್ಲ, ಅದು ಸವೆದು ಹೋಗಬೇಕು.

ಹೊಸದಾಗಿ ಸಾಣೆ ಹಿಡಿಸಿ ಕೊಡಬಹುದು, ಆದರೆ ವಾರಗಟ್ಟಲೆ ಬಿಟ್ಟು ಹೋಗಬೇಕು ಎಂದರು. ನಮ್ಮ ಹಿಂದಿರುಗುವ ಟಿಕೆಟು ಹತ್ತಿರವಿತ್ತು. "ಮನೆಯಲ್ಲೇ ಮಾಡಿ" ಎಂದರು ಅವರು. "ಯಂತ್ರ ಬೇಡ. ಸಮತಟ್ಟಾದ ಎರಡು ಕಲ್ಲು ಸಾಕು. ಕೊನೆಯ ಕಲ್ಲು ಮಾತ್ರ ಒಳ್ಳೆಯದಿರಲಿ." ಒಳ್ಳೆಯ ಕಲ್ಲು ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ ಪಶ್ಚಿಮದ ಕಡೆಗೆ ಕೈ ತೋರಿಸಿ, "ಬೆಲ್ಜಿಯಂ" ಎಂದರು.

ಮಗಳಿಗೆ ಎರಡು ದಿನ ರಜೆ ಇತ್ತು. ಕಲೋನಿನಿಂದ ಲಿಯೇಜ್ ನಗರಕ್ಕೆ ಒಂದು ರೈಲು, ಅಲ್ಲಿಂದ ದಕ್ಷಿಣಕ್ಕೆ ಆರ್ಡೆನ್ ಕಾಡುಗಳ ನಡುವೆ ಹೋಗುವ ಇನ್ನೊಂದು ರೈಲು. ಕಣಿವೆಗಳು, ನದಿ, ಸುರಂಗ, ಮತ್ತೆ ನದಿ. ವಿಯೆಲ್‌ಸಾಲ್ಮ್ ಎಂಬ ಸಣ್ಣ ಪಟ್ಟಣದಲ್ಲಿ ಇಳಿದೆವು. ಕುಂಟಾಲ ಹಣ್ಣಿನಂತೆ ಬಾಯಿ ನೀಲಿ ಮಾಡುವ ಒಂದು ಕಾಡುಹಣ್ಣಿಗೆ ಆ ಊರು ಪ್ರಸಿದ್ಧ. ಜುಲೈ ತಿಂಗಳಲ್ಲಿ ಅದರ ಹಬ್ಬವನ್ನೇ ಮಾಡುತ್ತಾರೆ. ನಾವೂ ಆ ಹಣ್ಣಿನ ಕಡುಬಿನಂಥ ತಿಂಡಿ ತಿಂದು ನಾಲಿಗೆ ತೋರಿಸಿಕೊಂಡು ನಕ್ಕೆವು.

ಪಕ್ಕದ ಸಾಲ್ಮ್‌ಶಾತೊ ಎಂಬ ಹಳ್ಳಿಯಲ್ಲಿ, ಸಾಲ್ಮ್ ಹೊಳೆಯ ಬಳಿ, ಹಿಂದೆ ಕಲ್ಲು ಕೊಯ್ಯುತ್ತಿದ್ದ ಕಾರ್ಯಾಗಾರವೇ ಈಗ ವಸ್ತುಸಂಗ್ರಹಾಲಯ. ಕಲ್ಲಿನ ಹೆಸರು ಕೊಟಿಕ್ಯೂಲ್. ಬೆಣ್ಣೆಯ ಬಣ್ಣದ ಹಳದಿ ಕಲ್ಲು. ನಮ್ಮ ಊರಿನಲ್ಲಿ ಮುರಕಲ್ಲು ಬೇಕೆಂದರೆ ಗುಡ್ಡ ಅಗೆದು ಎಷ್ಟು ಬೇಕೋ ಅಷ್ಟು ಕಡಿಯಬಹುದು. ಇದು ಹಾಗಲ್ಲ. ನೇರಳೆ ಮತ್ತು ನೀಲಿ ಬಣ್ಣದ ಸ್ಲೇಟುಕಲ್ಲಿನ ನಡುವೆ, ಹೋಳಿಗೆಯೊಳಗೆ ಹೂರಣವಿದ್ದ ಹಾಗೆ, ಕೆಲವೇ ಸೆಂಟಿಮೀಟರ್ ದಪ್ಪದ ಹಳದಿ ಪದರ. ಭೂಮಿಯ ಪದರಗಳು ಅಲ್ಲಿ ಮಡಚಿ ಓರೆಯಾಗಿ ನಿಂತಿರುವುದರಿಂದ ಆ ಎಳೆಯನ್ನು ಹಿಂಬಾಲಿಸಿ ನೆಲದೊಳಗೆ ಇಳಿಯಬೇಕಾಗಿತ್ತು. ಅಷ್ಟು ಕಷ್ಟಪಟ್ಟು ಮೇಲೆ ತಂದದ್ದರಲ್ಲಿಯೂ ಬಿರುಕಿಲ್ಲದ ತುಂಡು ಸಿಗುವುದು ಸ್ವಲ್ಪವೇ. ಹಳದಿ ಭಾಗ ತೆಳು, ಬೇಗ ಒಡೆಯುತ್ತದೆ, ಆದ್ದರಿಂದ ಅದರ ಬೆನ್ನಿಗೆ ಸ್ಲೇಟಿನ ತುಂಡು ಅಂಟಿಸುತ್ತಾರೆ. ಕೆಲವು ಕಲ್ಲುಗಳಲ್ಲಿ ಮಾತ್ರ ಹಳದಿಯೂ ನೀಲಿಯೂ ಹುಟ್ಟಿನಿಂದಲೇ ಕೂಡಿಕೊಂಡಿರುತ್ತವೆ.

ಈ ಕಲ್ಲು ಯಾಕೆ ಗಡ್ಡದ ಕತ್ತಿಗೆ ಒಳ್ಳೆಯದು? ಇದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಗಾರ್ನೆಟ್ ಹರಳುಗಳಿವೆ. ಆಭರಣದ ಅಂಗಡಿಯಲ್ಲಿ ಗೋಮೇದಕವೆಂದು ಮಾರುವ ಹರಳೂ ಗಾರ್ನೆಟ್ ಕುಟುಂಬದ್ದೇ. ಇಲ್ಲಿ ಅವು ಕಣ್ಣಿಗೆ ಕಾಣದಷ್ಟು ಸಣ್ಣವು, 5ರಿಂದ 15 ಮೈಕ್ರಾನ್. ಗಾತ್ರ ಮಾತ್ರ ನೋಡಿದರೆ ಇದು ಒರಟು ಕಲ್ಲೇ ಆಗಬೇಕಿತ್ತು. ಆದರೆ ಹರಳುಗಳು ಹಲವು ಮುಖಗಳಿದ್ದು ಹೆಚ್ಚುಕಡಿಮೆ ಚೆಂಡಿನಂತಿರುವುದರಿಂದ ಉಕ್ಕಿನಲ್ಲಿ ಆಳವಾಗಿ ಗೀರುವುದಿಲ್ಲ, ಮೇಲಿಂದ ಮೇಲೆ ಕೆರೆಯುತ್ತವೆ. ನೀಲಿ ಕಲ್ಲಿನಲ್ಲಿ ಹರಳು ಕಡಿಮೆ, ಕೆಲಸವೂ ನಿಧಾನ. ಸುಮಾರು 48 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಹೀಗಾಯಿತೆಂದು ಅಲ್ಲಿ ವಿವರಿಸಿದರು. ಪ್ರಪಂಚದ ಕ್ಷೌರಿಕರೆಲ್ಲ ಬಳಸುತ್ತಿದ್ದ ಕಾಲವೂ ಇದಕ್ಕಿತ್ತು. 1903ರಲ್ಲಿ ಅಮೆರಿಕದ ಜಿಲೆಟ್ ಎಂಬವರ ಎಸೆಯುವ ಬ್ಲೇಡು ಮಾರುಕಟ್ಟೆಗೆ ಬಂತು. ಅಲ್ಲಿಂದ ಕಲ್ಲಿನ ಬೇಡಿಕೆ ಇಳಿಯುತ್ತಾ ಬಂದು 1980ರ ವೇಳೆಗೆ ಹಳೆಯ ಗಣಿಗಳು ನಿಂತೇ ಹೋದವು. 1990ರ ದಶಕದ ಕೊನೆಯಲ್ಲಿ ಹತ್ತಿರದ ಒಟ್ರೇ ಎಂಬಲ್ಲಿ ಮತ್ತೆ ಕಲ್ಲು ತೆಗೆಯತೊಡಗಿದರು.

ಕಲ್ಲು ಮಾರುವವರ ಬಳಿ ಹೋದಾಗ ನಾವು ದೊಡ್ಡದನ್ನೇ ಕೇಳಿದೆವು. ದೂರದಿಂದ ಬಂದವರು, ಸಣ್ಣದು ಯಾಕೆ ಎಂಬ ಹುಂಬತನ. ಅವರು ಬೆಲೆ ಹೇಳಲಿಲ್ಲ, ಕತ್ತಿ ತೋರಿಸಿ ಎಂದರು. ನೋಡಿ, ಅಂಚು ನೇರವಿಲ್ಲದ, ಅಂಗೈಯಷ್ಟು ಉದ್ದದ ಒಂದು ತುಂಡು ತೆಗೆದು ಕೊಟ್ಟರು. ಆಕಾರ ಚೆಂದವಿಲ್ಲದ ಇಂಥ ತುಂಡುಗಳು ಅಗ್ಗ, ಆದರೆ ಕಲ್ಲು ಅದೇ. ಕತ್ತಿಯನ್ನು ಓರೆಯಾಗಿ ಎಳೆಯಲು ಕಲಿತರೆ ಅಗಲ ಕಲ್ಲಿನ ಅಗತ್ಯವಿಲ್ಲ. ಜೊತೆಗೆ ಅದೇ ಜಾತಿಯ, ಹೆಬ್ಬೆರಳಿನಷ್ಟು ಒಂದು ಚೂರು. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಆ ಚೂರಿನಿಂದ ಉಜ್ಜಿದರೆ ಹಾಲಿನಂಥ ನೀರು ಬರುತ್ತದೆ. ಆ ಹಾಲಿನಲ್ಲಿ ಬಿಡಿಯಾದ ಹರಳುಗಳಿರುವುದರಿಂದ ಉಕ್ಕು ಬೇಗ ಸವೆಯುತ್ತದೆ. ನಂತರ ಒಂದೊಂದೇ ಹನಿ ನೀರು ಸೇರಿಸಿ ಹಾಲನ್ನು ತೆಳು ಮಾಡುತ್ತಾ ಹೋಗಿ, ಕೊನೆಗೆ ಬರೀ ನೀರಿನಲ್ಲಿ ಮುಗಿಸಬೇಕು. ಒಂದೇ ಕಲ್ಲು ಎರಡು ಮೂರು ಕಲ್ಲುಗಳ ಕೆಲಸ ಮಾಡುವುದು ಹೀಗೆ. ಎಣ್ಣೆ ಹಾಕಬಾರದು ಎಂದು ಮೂರು ಸಲ ಹೇಳಿದರು.

ಅಲ್ಲೇ ಮೇಜಿನ ಮೇಲೆ ಇಬ್ಬರಿಂದಲೂ ಮಸೆಯಿಸಿ ನೋಡಿದರು. ನಮ್ಮಿಬ್ಬರಲ್ಲಿ ಗಡ್ಡ ಬರುವವರು ಒಬ್ಬರೇ, ಅವರು ಮುಂದೆ ಬಂದು ಒತ್ತಿ ಒತ್ತಿ ಎಳೆದರು. ಕಲ್ಲಿನವರು ತಲೆ ಅಲ್ಲಾಡಿಸಿ ಕತ್ತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟರು. ಮೂರು ಮಕ್ಕಳಿಗೆ ಬಜೆ ತೇಯ್ದು ನೆಕ್ಕಿಸಿದ ಕೈ ಅದು, ಭಾರ ಹಾಕದೆ ತೇಯುವುದು ಅದಕ್ಕೆ ಗೊತ್ತಿತ್ತು. ಬಾಯಿ ಮುಂದಾಗಿ ಹೋಗಬೇಕು, ತುದಿಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಹಿಂದೆ ಬರಬೇಕು, ಬೆನ್ನು ಕಲ್ಲಿನಿಂದ ಏಳಲೇಬಾರದು. "ಇವರೇ ಮಾಡಲಿ" ಎಂದು ತೀರ್ಮಾನವಾಯಿತು. ಗಡ್ಡದವರಿಗೆ ಕಲ್ಲು ಹೊರುವ ಕೆಲಸ ಸಿಕ್ಕಿತು.

ಊರಿಗೆ ಬಂದ ಮೇಲೆ ಇನ್ನೊಂದೇ ಕಲ್ಲು ಕೊಂಡೆವು, ಜಪಾನಿನ ಲೆಕ್ಕದ 1000 ನಂಬರಿನ ಕೃತಕ ಕಲ್ಲು. ಇದರ ಕಣ ಸುಮಾರು 15 ಮೈಕ್ರಾನ್, ಚೂಪು ಮೂಲೆಗಳಿರುವ ಕಣ. ಮನೆಯಲ್ಲಿ ಕತ್ತಿ ಮಸೆಯಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ಇದನ್ನೇ: ಬರೀ ಮೊಂಡಾದ ಕತ್ತಿಗೆ ಈ ಒರಟು ಕಲ್ಲು ಬೇಡ, ನಯದ ಕಲ್ಲೊಂದೇ ಸಾಕು. ಬಾಯಿ ಮುರಿದಿದ್ದರೆ, ತುಕ್ಕು ತಿಂದಿದ್ದರೆ, ಅಥವಾ ನಮ್ಮ ಹಾಗೆ ಬುದ್ಧಿಗೇಡಿತನ ಮಾಡಿದ್ದರೆ ಮಾತ್ರ 1000 ಬೇಕು. ಅದಕ್ಕಿಂತ ಒರಟಾದದ್ದನ್ನು ಮನೆಯೊಳಗೆ ತರಲೇಬೇಡಿ. ಬೆಲ್ಜಿಯಂ ಕಲ್ಲೇ ಆಗಬೇಕೆಂದೂ ಇಲ್ಲ. 1000ದ ನಂತರ ನಾಲ್ಕೈದು ಸಾವಿರ, 8000, 12000 ಎಂದು ಕೃತಕ ಕಲ್ಲುಗಳ ಮೆಟ್ಟಿಲು ಹತ್ತಿ ಹೋಗುವವರೂ ಇದ್ದಾರೆ. ಫಲ ಅಷ್ಟೇ ಚೆನ್ನಾಗಿ ಬರುತ್ತದೆ, ಕಲ್ಲು ಮಾತ್ರ ಹೆಚ್ಚು ಬೇಕು.

ಯಾವ ಕಲ್ಲಾದರೂ ಮುಖ ಸಮತಟ್ಟಾಗಿರಬೇಕು. ಹೊಸ ಕಲ್ಲೂ ಸಮವಿರುತ್ತದೆಂದು ನಂಬಬಾರದು. ಪೈಂಟ್ ಅಂಗಡಿಯಿಂದ ವಾಟರ್ ಪೇಪರ್ ತಂದು, ಹಳೆಯ ಕಿಟಕಿಯ ದಪ್ಪ ಗಾಜಿನ ಮೇಲೆ ಅಂಟಿಸಿ, ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು ನೀರು ಹಾಕಿ ಉಜ್ಜಿದೆವು. ಗೆರೆಗಳೆಲ್ಲ ಒಟ್ಟಿಗೆ ಅಳಿಸಿದರೆ ಸಮವಾಯಿತೆಂದು ಅರ್ಥ. ನಡುವಿನ ಗೆರೆ ಉಳಿದರೆ ಅಲ್ಲಿ ಗುಂಡಿ ಇದೆ, ಇನ್ನೂ ಉಜ್ಜಬೇಕು. ನೂರು ರೂಪಾಯಿಯೂ ಖರ್ಚಿಲ್ಲದ ಈ ಉಪಾಯ ನಾವು ಕೊಂಡ ಡಬ್ಬಿ ಕ್ಲಿಪ್ಪುಗಳೆಲ್ಲಕ್ಕಿಂತ ದೊಡ್ಡ ಸಾಧನ.

ನೀಲಿ ಭಾಗ ಸವೆಯಲು ಹದಿನೈದು ದಿನ ಬೇಕಾಯಿತು, ದಿನಕ್ಕೆ ಅರ್ಧ ಗಂಟೆ. ಅಷ್ಟು ಮಸೆದರೆ ಬೆನ್ನೂ ಸವೆಯುತ್ತದೆಂದು ಬೆನ್ನಿನ ಮೇಲೆ ಇಲೆಕ್ಟ್ರಿಕ್ ಕೆಲಸದ ಟೇಪು ಅಂಟಿಸಿದೆವು. ಟೇಪು ಹಾಕಿದರೆ ಕೋನ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಕೊನೆಯ ಕಲ್ಲಿನವರೆಗೂ ಇರಬೇಕು, ಹರಿದರೆ ಹೊಸದು ಹಾಕಬೇಕು. ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನ ಶಾಯಿ ಹಚ್ಚಿ ಒಮ್ಮೆ ಎಳೆದರೆ ಕಲ್ಲು ಎಲ್ಲಿ ತಾಗಿಲ್ಲವೆಂದು ತಿಳಿಯುತ್ತದೆ. ಮುಂಗೈಯ ರೋಮ ಬಾಯಿಯ ಎಲ್ಲ ಭಾಗದಲ್ಲೂ ಒಂದೇ ರೀತಿ ಬೀಳುವವರೆಗೆ 1000ದ ಕಲ್ಲು ಬಿಡಬಾರದು. ನಾವು ಎರಡು ಸಲ ಅವಸರ ಮಾಡಿ ಹಳದಿ ಕಲ್ಲಿಗೆ ಹೋಗಿ, ಎರಡು ಸಲವೂ ಹಿಂದೆ ಬಂದೆವು.

ಹಸಿರು ಮೇಣವನ್ನು ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಪಕ್ಕದ ತೋಟಕ್ಕೆ ಬರುವ ಶೇಂದಿ ಇಳಿಸುವವರು ನೋಡಿ ನಕ್ಕರು. ಅವರ ಕತ್ತಿ ಮಸೆಯುವುದು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಬಿಳಿ ಪುಡಿ ಉದುರಿಸಿ. ಮೇಣವೂ ಅದೇ ತತ್ವ: ಕ್ರೋಮಿಯಂ ಆಕ್ಸೈಡಿನ ಅತಿ ನಯವಾದ ಪುಡಿ, ಚರ್ಮಕ್ಕೆ ಹಚ್ಚಿದರೆ ಸಣ್ಣಗೆ ಸವೆಸುತ್ತದೆ. ಉಪಯೋಗ ಉಂಟು, ಆದರೆ ಅದಕ್ಕೆ ಬೇರೆ ಪಟ್ಟಿ ಇರಬೇಕು. ಅಪ್ಪನ ಪಟ್ಟಿಗೆ ಅದನ್ನು ತಾಗಿಸಲಿಲ್ಲ. ಆ ಪಟ್ಟಿ ಮಾತ್ರ ನಲುವತ್ತು ವರ್ಷದಿಂದ ಹಾಗೆಯೇ ಇದೆ, ಸ್ವಲ್ಪ ಎಣ್ಣೆ ಕೈಯಲ್ಲಿ ಉಜ್ಜಿದಾಗ ಮೆತ್ತಗಾಯಿತು. ಪಟ್ಟಿಯ ಮೇಲೆ ಮಾತ್ರ ದಿಕ್ಕು ತಿರುಗುತ್ತದೆ, ಬೆನ್ನು ಮುಂದೆ, ಬಾಯಿ ಹಿಂದೆ. ಮರೆತು ಬಾಯಿ ಮುಂದೆ ಮಾಡಿದರೆ ಚರ್ಮ ಸೀಳುತ್ತದೆ.

ಪಕ್ಷವಾತದ ನಂತರ ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಡಾಕ್ಟರರನ್ನು ಕೇಳಿದಾಗ ಇಲೆಕ್ಟ್ರಿಕ್ ಶೇವರೇ ಸುರಕ್ಷಿತ ಎಂದರು. ನಾವು ಅವರ ಮುಂದೆ ಕತ್ತಿಯ ಕಥೆಯನ್ನೆಲ್ಲ ಹೇಳಿದೆವು. ಕೊನೆಗೆ ಒಂದು ಒಪ್ಪಂದವಾಯಿತು: ವಾರದ ದಿನಗಳಲ್ಲಿ ಶೇವರ್, ಶನಿವಾರ ಮಾತ್ರ ಕತ್ತಿ, ಅದೂ ಎರಡು ಕೆನ್ನೆಗೆ. ಕುತ್ತಿಗೆ, ಗದ್ದ, ತುಟಿಯ ಹತ್ತಿರ ಬೇಡ. ಮೊಂಡು ಕತ್ತಿಯನ್ನು ಒತ್ತಬೇಕಾಗುತ್ತದೆ, ಒತ್ತಿದರೇ ಗಾಯ. ಅದಕ್ಕೇ ನಾವು ಅವಸರ ಮಾಡದೆ ಮೊದಲು ನಮ್ಮಲ್ಲಿನ ಗಡ್ಡದವರ ಕೆನ್ನೆಯ ಮೇಲೆ ನಾಲ್ಕು ವಾರ ಪ್ರಯೋಗ ಮಾಡಿದೆವು. ಎರಡು ಕಡೆ ಗಾಯವೂ ಆಯಿತು, ಸ್ಫಟಿಕದ ತುಂಡು ಇದ್ದದ್ದು ಒಳ್ಳೆಯದಾಯಿತು. ಒಬ್ಬರು ಬಳಸಿದ ಕತ್ತಿಯನ್ನು ಇನ್ನೊಬ್ಬರಿಗೆ ಬಳಸಬಾರದೆಂದು ಮಗಳು ಫೋನಿನಲ್ಲಿ ಗದರಿದಳು. ಪ್ರಯೋಗ ಮುಗಿದ ಮೇಲೆ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬಾಯಿಯನ್ನು ಹಳದಿ ಕಲ್ಲಿನಲ್ಲಿ ಹೊಸದಾಗಿ ಮಸೆದೆವು.

ಆ ಶನಿವಾರ ಬಿಸಿನೀರಿನ ಬಟ್ಟೆಯನ್ನು ಅಪ್ಪನ ಕೆನ್ನೆಗೆ ಹತ್ತು ನಿಮಿಷ ಹಿಡಿದು, ಸೋಪಿನ ನೊರೆ ಹಚ್ಚಿ, ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು ಕತ್ತಿ ಇಳಿಸಿದೆವು. ಸದ್ದು ಬಂತು, ಒಣ ಬೈಹುಲ್ಲಿನ ಮೇಲೆ ಗಾಳಿ ಹಾದ ಹಾಗೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಒಂದು ಕೆನ್ನೆ ಮುಗಿಯಿತು. ಎಡಗೈಯ ಬೆರಳುಗಳ ಹಿಂಭಾಗವನ್ನು ಕೆನ್ನೆಯ ಮೇಲೆ ಆಡಿಸಿ ನೋಡಿದರು. ನಾವು ಶಾಲಾ ಇನ್‌ಸ್ಪೆಕ್ಟರರ ಮುಂದೆ ನಿಂತ ಹಾಗೆ ನಿಂತಿದ್ದೆವು.

"ಒಳ್ಳೆಯದಾಗಿದೆ ಮಗಳೇ" ಎಂದರು. ಆಮೇಲೆ, "ಸ್ವಲ್ಪ ಎಳೆಯುತ್ತದೆ. ಪಟ್ಟಿಗೆ ಎಷ್ಟು ಸಲ ಹಾಕಿದೆ?"

"ಮೂವತ್ತು, ಮಾವ."

"ಅರುವತ್ತು ಹಾಕಬೇಕು. ತಾ ಇಲ್ಲಿ."

ಪಟ್ಟಿಯ ಒಂದು ತುದಿಯನ್ನು ಮಂಚದ ಕಾಲಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅಪ್ಪ ಎಡಗೈಯಲ್ಲಿ ಬಿಗಿಯಾಗಿ ಹಿಡಿದರು. ಕತ್ತಿ ಹೋಗಿ ಬಂದು ಆಡತೊಡಗಿತು. ಫೋನಿನ ಆ ಕಡೆ ಇದ್ದ ಮಗಳು, "ಇವತ್ತು ಶನಿವಾರವಾ?" ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಅಪ್ಪ ಎಣಿಸುತ್ತಿದ್ದರು.